ಬಾಸ್ಕೆಟ್ ತಲೆಯ ಮೇಲೆ ಕೂತ ಡಿಸ್ಕ್: ಹೋಲ್ ಮುಗಿದ ಹಾಗಾ?

ಓದುಗರ ಪ್ರಶ್ನೆ: ನಾವು ನಾಲ್ಕು ಜನ ಕನ್ನಡಿಗ ಗೆಳೆಯರು ಕ್ಯಾಲಿಫೋರ್ನಿಯಾದಲ್ಲಿದ್ದೇವೆ. ಭಾನುವಾರ ಬೆಳಿಗ್ಗೆ ಮನೆ ಹತ್ತಿರದ ಪಾರ್ಕಿನಲ್ಲಿ ಡಿಸ್ಕ್ ಗಾಲ್ಫ್ ಆಡುತ್ತೇವೆ. ತಟ್ಟೆಯಂಥ ಡಿಸ್ಕನ್ನು ಎಸೆದು, ಸುತ್ತ ಚೈನ್ ಇಳಿಬಿಟ್ಟು ಕೆಳಗೆ ಟ್ರೇ ಇಟ್ಟ ಕಂಬದ ಬಾಸ್ಕೆಟ್‌ಗೆ ಆದಷ್ಟು ಕಡಿಮೆ ಎಸೆತದಲ್ಲಿ ಹಾಕುವ ಆಟ; ಒಂದೊಂದು ಬಾಸ್ಕೆಟ್‌ಗೂ ಒಂದು ಹೋಲ್ ಅನ್ನುತ್ತಾರೆ. ಕಳೆದ ವಾರ ಒಬ್ಬ ಟೀಯಿಂದ, ಅಂದರೆ ಹೋಲ್ ಶುರುವಾಗುವ ಜಾಗದಿಂದ, ಎಸೆದ ಮೊದಲ ಡಿಸ್ಕೇ ಹೋಗಿ ಬಾಸ್ಕೆಟ್ ತಲೆಯ ಮೇಲೆ ಕೂತಿತು. ಅವನು ಏಸ್, ಅಂದರೆ ಒಂದೇ ಎಸೆತಕ್ಕೆ ಹೋಲ್ ಮುಗಿಯಿತು ಅಂದ, ನಾನು ಅಲ್ಲ ಅಂದೆ. ಅದೇ ದಿನ ಇನ್ನೊಬ್ಬನ ಪಟ್ (ಬಾಸ್ಕೆಟ್‌ಗೆ ಹಾಕಲು ಹತ್ತಿರದಿಂದ ಎಸೆದದ್ದು) ಹೊರಗಿನಿಂದ ಬಂದು ಟ್ರೇಯ ಸರಳುಗಳ ನಡುವೆ ಸಿಕ್ಕಿಕೊಂಡಿತು. ನನ್ನದೊಂದು ಚೈನ್‌ಗೆ ಜೋರಾಗಿ ಬಡಿದು ಆಚೆ ಬಿತ್ತು. ಮೂರಕ್ಕೂ ವಾದ ಆಯಿತು. ಬಾಸ್ಕೆಟ್ ಬುಡದಲ್ಲಿ ಬಿದ್ದ ಡಿಸ್ಕನ್ನು "ಆಯ್ತು ಬಿಡೋ" ಅಂತ ಎತ್ತಿಕೊಳ್ಳುವುದು ಸರಿಯಾ? ಇನ್ನೊಂದು ವಿಷಯ. ಡಿಸೆಂಬರ್‌ನಲ್ಲಿ ತೀರ್ಥಹಳ್ಳಿ ಹತ್ತಿರದ ಊರಿಗೆ ಹೋದಾಗ ತೋಟದಲ್ಲಿ ಮಕ್ಕಳಿಗೆ ಈ ಆಟ ಆಡಿಸಬೇಕು ಅಂತಿದ್ದೇನೆ. ಅಲ್ಲಿ ಬಾಸ್ಕೆಟ್ ಇಲ್ಲ, ಮರವೇ ಗುರಿ. ಅದಕ್ಕೇನು ನಿಯಮ?

ಉತ್ತರ: ಮೊದಲು ತೀರ್ಪು ಹೇಳಿಬಿಡುತ್ತೇನೆ, ಕಾರಣ ಆಮೇಲೆ. ತಲೆಯ ಮೇಲೆ ಕೂತ ಡಿಸ್ಕ್ ಏಸ್ ಅಲ್ಲ, ನೀವು ಹೇಳಿದ್ದೇ ಸರಿ. ಸರಳುಗಳ ನಡುವೆ ಸಿಕ್ಕಿಕೊಂಡ ಪಟ್ ಲೆಕ್ಕಕ್ಕೆ ಬರುತ್ತದೆ. ಚೈನ್‌ಗೆ ಬಡಿದು ಆಚೆ ಬಿದ್ದದ್ದು ಬರುವುದಿಲ್ಲ, ಸದ್ದು ಎಷ್ಟೇ ಜೋರಾಗಿ ಬಂದಿರಲಿ. "ಆಯ್ತು ಬಿಡೋ" ಅನ್ನುವುದಕ್ಕೆ ಈ ಆಟದ ನಿಯಮದಲ್ಲಿ ಜಾಗವೇ ಇಲ್ಲ.

ನಾಲ್ಕಕ್ಕೂ ಉತ್ತರ ಒಂದೇ ನಿಯಮದಿಂದ ಬರುತ್ತದೆ. ಡಿಸ್ಕ್ ಗಾಲ್ಫ್ ನಿಯಮಗಳನ್ನು ಬರೆಯುವುದು ಪಿಡಿಜಿಎ, ಅಂದರೆ ವೃತ್ತಿಪರ ಡಿಸ್ಕ್ ಗಾಲ್ಫ್ ಆಟಗಾರರ ಸಂಘ. ಅವರ ನಿಯಮಪುಸ್ತಕದ 807ನೇ ನಿಯಮ ಹೋಲ್ ಮುಗಿಸುವುದರ ಬಗ್ಗೆ. ಅದರ ಸಾರ ಇಷ್ಟು: ಆಟಗಾರ ಡಿಸ್ಕನ್ನು ಕೈಯಿಂದ ಬಿಟ್ಟಿರಬೇಕು, ಅದು ಟ್ರೇಯ ಆಸರೆಯಲ್ಲೋ ಚೈನ್‌ಗಳ ಆಸರೆಯಲ್ಲೋ ಬಂದು ನಿಂತಿರಬೇಕು, ಆ ಜಾಗ ಚೈನ್ ನೇತುಹಾಕಿದ ಮೇಲಿನ ಚೌಕಟ್ಟಿಗಿಂತ ಕೆಳಗಿರಬೇಕು. ಕೈ ಬಿಟ್ಟಿತಾ, ನಿಂತಿತಾ, ಯಾವುದು ಹಿಡಿದುಕೊಂಡಿದೆ? ಈ ಮೂರು ಪ್ರಶ್ನೆ ಕೇಳಿದರೆ ಸಾಕು. ಎಸೆತ ಚೆನ್ನಾಗಿತ್ತಾ, ಅದೃಷ್ಟವಾ, ಯಾವ ಕಡೆಯಿಂದ ಬಂತು, ಇದ್ಯಾವುದನ್ನೂ ನಿಯಮ ಕೇಳುವುದಿಲ್ಲ.

ತಲೆಯ ಮೇಲೆ ಕೂತ ಡಿಸ್ಕಿಗೆ ಇದನ್ನೇ ಹಚ್ಚಿ ನೋಡಿ. ಕೈ ಬಿಟ್ಟಿದೆ, ನಿಂತಿದೆ. ಆದರೆ ಹಿಡಿದುಕೊಂಡಿರುವುದು ಮೇಲಿನ ಚೌಕಟ್ಟು. ಟ್ರೇಯೂ ಅಲ್ಲ, ಚೈನೂ ಅಲ್ಲ. ಹಾಗಾಗಿ ಹೋಲ್ ಮುಗಿದಿಲ್ಲ. ನಿಮ್ಮ ಗೆಳೆಯರಿಗೆ ಹೊಟ್ಟೆ ಉರಿದಿರುತ್ತದೆ, ಅದು ನನಗೂ ಅರ್ಥವಾಗುತ್ತದೆ. ಅಷ್ಟು ದೂರದಿಂದ ಎಸೆದು ಗುರಿಯನ್ನೇ ಮುಟ್ಟಿಸಿದ್ದಾರೆ. ಆದರೂ ನಿಯಮ ಸರಿಯಾಗೇ ಇದೆ ಅಂತ ನನ್ನ ಅಭಿಪ್ರಾಯ. ಈ ಸಾಧನವನ್ನು ಮಾಡಿರುವುದೇ ಹಾರಿ ಬರುವ ಡಿಸ್ಕನ್ನು ತಡೆದು ಹಿಡಿಯುವುದಕ್ಕೆ. ಹಿಡಿಯುವ ಕೆಲಸ ಚೈನ್ ಮತ್ತು ಟ್ರೇಯದ್ದು. ಮೇಲಿನ ಚೌಕಟ್ಟು ಇರುವುದು ಚೈನನ್ನು ಹೊರುವುದಕ್ಕೆ ಮಾತ್ರ.

ಈಗ ಅವರ ಮುಂದಿನ ಎಸೆತ ಎಲ್ಲಿಂದ? ಡಿಸ್ಕ್ ನೆಲದಿಂದ ಮೇಲೆ ಎಲ್ಲಾದರೂ ನಿಂತರೆ, ಅದರ ನೇರ ಕೆಳಗಿನ ನೆಲವೇ ಅದರ ಜಾಗ. ಅಂದರೆ ಅವರು ಬಾಸ್ಕೆಟ್ ಪಕ್ಕದಲ್ಲೇ ನಿಂತು ಡಿಸ್ಕನ್ನು ಟ್ರೇಗೆ ಹಾಕಬಹುದು. ಅದೂ ಒಂದು ಎಸೆತವೇ, ಆದರೆ ಅಷ್ಟಕ್ಕೆ ಮುಗಿಯಿತು. ಏಸ್ ತಪ್ಪಿ ಎರಡಾಯಿತು. ಪಾರ್ 3ರ, ಅಂದರೆ ಮೂರು ಎಸೆತಕ್ಕೆ ಮುಗಿಸಬೇಕಾದ ಹೋಲ್ ಆಗಿದ್ದರೆ ಒಂದು ಕಡಿಮೆ, ಅದಕ್ಕೆ ಬರ್ಡಿ ಅನ್ನುತ್ತಾರೆ, ಬೇಜಾರಾಗುವ ಸ್ಕೋರೇನೂ ಅಲ್ಲ. ಕೆಲವರು "ಏಸೇ ಆಯ್ತಲ್ಲ" ಅಂದುಕೊಂಡು ಡಿಸ್ಕ್ ಎತ್ತಿಕೊಂಡು ಸೀದಾ ಮುಂದಿನ ಟೀಗೆ ನಡೆದುಬಿಡುತ್ತಾರೆ. ಟೂರ್ನಮೆಂಟ್‌ನಲ್ಲಿ ಹಾಗೆ ಮಾಡಿ ಮುಂದಿನ ಹೋಲ್‌ನಲ್ಲಿ ಎಸೆದೂಬಿಟ್ಟರೆ ದುಬಾರಿ: ಎಸೆದ ಒಂದು, ಮುಗಿಸುವುದಕ್ಕೆ ಬೇಕಿದ್ದ ಒಂದು, ಅದರ ಮೇಲೆ ದಂಡವಾಗಿ ಎರಡು ಎಸೆತ. ಎರಡಕ್ಕೆ ಮುಗಿಯಬೇಕಿದ್ದ ಹೋಲ್ ನಾಲ್ಕಾಗುತ್ತದೆ.

ಸರಳುಗಳ ನಡುವೆ ಸಿಕ್ಕಿಕೊಂಡ ಪಟ್ ವಿಷಯ ಸ್ವಲ್ಪ ಸ್ವಾರಸ್ಯದ್ದು. ಅದು ನೋಡುವುದಕ್ಕೆ ಚೆನ್ನಾಗಿರುವುದಿಲ್ಲ, ಅಲ್ವಾ? ಪಟ್ ಗಿಡ್ಡವಾಗಿದೆ. ಟ್ರೇ ಅಂಚಿನ ಮೇಲಿಂದ ಒಳಗೆ ಹೋಗಬೇಕಿದ್ದದ್ದು, ಹೊರಗಿನ ಗೋಡೆಯ ತಂತಿಗೆ ನುಗ್ಗಿ ಅಲ್ಲೇ ಕಚ್ಚಿಕೊಂಡಿದೆ. ಅರ್ಧ ಒಳಗೆ, ಅರ್ಧ ಹೊರಗೆ. ಹೀಗೆ ಎಸೆದವರಿಗೆ ಬಹುಮಾನ ಯಾಕೆ ಅಂತ ಅನ್ನಿಸುವುದು ಸಹಜ. ಹಳೆಯ ನಿಯಮಪುಸ್ತಕಕ್ಕೂ ಹಾಗೇ ಅನ್ನಿಸಿತ್ತು. ಆಗ ಡಿಸ್ಕ್ ಎಲ್ಲಿ ನಿಂತಿದೆ ಅನ್ನುವುದರ ಜೊತೆಗೆ ಯಾವ ದಾರಿಯಲ್ಲಿ ಒಳಗೆ ಬಂತು ಅಂತಲೂ ನೋಡುತ್ತಿದ್ದರು. ಟ್ರೇ ಅಂಚಿಗಿಂತ ಕೆಳಗಿನಿಂದಲೋ, ಚೈನ್ ಚೌಕಟ್ಟಿನ ಮೇಲಿನಿಂದಲೋ ನುಗ್ಗಿದ್ದನ್ನು ಆಟಗಾರರು ಕಣ್ಣಾರೆ ಕಂಡಿದ್ದರೆ ಅದು ಲೆಕ್ಕಕ್ಕಿರಲಿಲ್ಲ.

ಇದರ ತೊಂದರೆ ಎಲ್ಲಿ ಅಂತ ನೀವೇ ಯೋಚಿಸಿ. ಮೂವತ್ತು ಮೀಟರ್ ದೂರದಿಂದ ಒಬ್ಬರು ಎಸೆಯುತ್ತಾರೆ. ಉಳಿದವರಲ್ಲಿ ಒಬ್ಬರು ಬ್ಯಾಗಿನಲ್ಲಿ ಡಿಸ್ಕ್ ಹುಡುಕುತ್ತಿರುತ್ತಾರೆ, ಇನ್ನೊಬ್ಬರ ಕಣ್ಣಿಗೆ ಬಿಸಿಲು. ಹತ್ತಿರ ಹೋಗಿ ನೋಡಿದರೆ ಡಿಸ್ಕ್ ತಂತಿಗಳ ನಡುವೆ ಇದೆ. ಒಳಗಿನಿಂದ ಹೊರಗೆ ಚಾಚಿದ್ದೋ, ಹೊರಗಿನಿಂದ ಒಳಗೆ ನುಗ್ಗಿದ್ದೋ? ಒಂದೇ ಜಾಗದಲ್ಲಿ ಒಂದೇ ರೀತಿ ನಿಂತ ಎರಡು ಡಿಸ್ಕ್‌ಗಳಿಗೆ, ಯಾರು ನೋಡುತ್ತಿದ್ದರು ಅನ್ನುವುದರ ಮೇಲೆ ಬೇರೆ ಬೇರೆ ತೀರ್ಪು. ಈಗಿನ ನಿಯಮ ದಾರಿಯ ಮಾತನ್ನೇ ಕೈಬಿಟ್ಟಿದೆ. ಡಿಸ್ಕನ್ನು ಹಿಡಿದುಕೊಂಡಿರುವುದು ಟ್ರೇ. ಟ್ರೇಯ ಆಸರೆಯಲ್ಲಿ ನಿಂತಿದೆ ಅಂದಮೇಲೆ ಮುಗಿಯಿತು. ಇದೇ ಕಾರಣಕ್ಕೆ ಮೇಲಿನ ಚೌಕಟ್ಟಿನ ಸಂದಿಯಿಂದ ತೂರಿ ಟ್ರೇಗೆ ಬಿದ್ದ ಡಿಸ್ಕೂ ಈಗ ಸರಿ.

ಈ ಬದಲಾವಣೆಯನ್ನು ನಾನು ಮನಸಾರೆ ಒಪ್ಪುತ್ತೇನೆ. ಡಿಸ್ಕ್ ಗಾಲ್ಫ್‌ನಲ್ಲಿ ಪ್ರತಿ ಗುಂಪಿನ ಹಿಂದೆ ಅಂಪೈರ್ ಇರುವುದಿಲ್ಲ. ಆಡುವವರೇ ತೀರ್ಪು ಹೇಳಬೇಕು. ಹಾಗಿರುವಾಗ ನೆನಪಿನ ಮೇಲೆ ನಿಂತ ನಿಯಮ ಗೆಳೆತನವನ್ನೇ ಪರೀಕ್ಷೆ ಮಾಡುತ್ತದೆ. ಕಣ್ಣೆದುರು ಇರುವುದರ ಮೇಲೆ ನಿಂತ ನಿಯಮವನ್ನು ನಾಲ್ಕೂ ಜನ ಒಟ್ಟಿಗೆ ನಿಂತು ನೋಡಬಹುದು.

ಇನ್ನು ನಿಮ್ಮದೇ ಪಟ್. ಚೈನ್‌ಗೆ ಬಡಿದು ಆಚೆ ಬಿದ್ದದ್ದು. ಇದರ ಹಿಂದೆ ಆಟದ ಇತಿಹಾಸವೇ ಇದೆ. ಮೊದಮೊದಲು ಈ ಆಟಕ್ಕೆ ಬಾಸ್ಕೆಟ್ ಇರಲೇ ಇಲ್ಲ. ಮರ, ದೀಪದ ಕಂಬ, ಕಸದ ಡಬ್ಬಿ, ಸಿಕ್ಕಿದ್ದೇ ಗುರಿ. ತಗುಲಿದರೆ ಆಯಿತು. 1975ರಲ್ಲಿ ಎಡ್ ಹೆಡ್ರಿಕ್ ನಿಮ್ಮ ಕ್ಯಾಲಿಫೋರ್ನಿಯಾದಲ್ಲೇ, ಲಾ ಕನ್ಯಾಡಾ ಫ್ಲಿಂಟ್‌ರಿಜ್‌ನ ಓಕ್ ಗ್ರೋವ್ ಪಾರ್ಕಿನಲ್ಲಿ ಈ ಆಟಕ್ಕೆಂದೇ ಒಂದು ಕೋರ್ಸ್ ಮಾಡಿದರು. ಅದಕ್ಕೆ ಮುಂಚೆ ಅವರು ವ್ಯಾಮ್-ಓ ಕಂಪನಿಯಲ್ಲಿ ಫ್ರಿಸ್ಬಿಯನ್ನು ಸುಧಾರಿಸಿದವರು. ಓಕ್ ಗ್ರೋವ್‌ನಲ್ಲೂ ಮೊದಲು ಗುರಿಯಾಗಿದ್ದದ್ದು ನೆಲದಲ್ಲಿ ನೆಟ್ಟ ಕಂಬಗಳೇ. ಕಂಬ ಗುರಿಯಾದರೆ ತಕರಾರು ಗ್ಯಾರಂಟಿ. ಸವರಿಕೊಂಡು ಹೋಯಿತು ಅಂತ ಒಬ್ಬರು, ಗಾಳಿಯಲ್ಲೇ ಹೋಯಿತು ಅಂತ ಇನ್ನೊಬ್ಬರು. ಪುರಾವೆ ಏನೂ ಉಳಿಯುವುದಿಲ್ಲ, ಡಿಸ್ಕ್ ಹತ್ತು ಮಾರು ಆಚೆ ಬಿದ್ದಿರುತ್ತದೆ. ಹೆಡ್ರಿಕ್ ಅದಕ್ಕೆ ಕೊಟ್ಟ ಉತ್ತರವೇ ಕಂಬ, ಅದರ ಸುತ್ತ ಇಳಿಬಿಟ್ಟ ಚೈನ್‌ಗಳು, ಕೆಳಗೊಂದು ಬುಟ್ಟಿ. 1977ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಅದರ ಹಿಂದಿನ ವರ್ಷ, 1976ರಲ್ಲಿ, ಪಿಡಿಜಿಎಯನ್ನು ಹುಟ್ಟುಹಾಕಿದ್ದೂ ಅವರೇ. ಸಂಘದ ಮೊದಲನೇ ನಂಬರಿನ ಸದಸ್ಯ ಕೂಡ.

ಬಾಸ್ಕೆಟ್ ಬಂದಮೇಲೆ ಪ್ರಶ್ನೆಯೇ ಬದಲಾಯಿತು. "ತಗುಲಿತಾ?" ಹೋಗಿ "ಉಳಿಯಿತಾ?" ಬಂತು. ತಗುಲಿದ್ದಕ್ಕೇ ಲೆಕ್ಕ ಕೊಟ್ಟರೆ ಬಾಸ್ಕೆಟ್ ಬರುವುದಕ್ಕೆ ಮುಂಚಿನ ವಾದಕ್ಕೇ ವಾಪಸ್ ಹೋದಂತೆ. ಹಾಗಾಗಿ ನಿಮ್ಮ ಪಟ್ ಎಲ್ಲಿ ಬಿತ್ತೋ ಅಲ್ಲಿಂದ ಮುಂದಿನ ಎಸೆತ.

ಆದರೆ ಅಷ್ಟು ಚೆನ್ನಾಗಿ ಬಡಿದದ್ದು ಯಾಕೆ ಆಚೆ ಬಂತು ಅಂತ ನಿಮಗೆ ಅನ್ನಿಸಿರಬಹುದು. ಪಟ್ಟಿಂಗ್‌ಗೆ ಬಳಸುವ ಡಿಸ್ಕ್ ಸಾಮಾನ್ಯವಾಗಿ 170-175 ಗ್ರಾಂ ಇರುತ್ತದೆ. ಹಾರುವಾಗ ಮುಂದಕ್ಕೂ ಹೋಗುತ್ತದೆ, ತಿರುಗುತ್ತಲೂ ಇರುತ್ತದೆ. ಬಲಗೈಯವರು ಬ್ಯಾಕ್‌ಹ್ಯಾಂಡ್ ಎಸೆದರೆ, ಅಂದರೆ ಕೈಯನ್ನು ಎದೆಗೆ ಅಡ್ಡವಾಗಿ ತಂದು ಬೀಸಿದರೆ, ಮೇಲಿನಿಂದ ನೋಡುವವರಿಗೆ ಅದು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ತಿರುಗುತ್ತದೆ. ಈಗ ಡಿಸ್ಕ್ ಕಂಬದ ಬಲಗಡೆ ಹೊಕ್ಕಿತು ಅನ್ನಿ. ಚೈನ್‌ಗೂ ಕಂಬಕ್ಕೂ ಉಜ್ಜುವುದು ಡಿಸ್ಕಿನ ಎಡ ಅಂಚು. ತಿರುಗುವಾಗ ಆ ಅಂಚು ಮುಂದಕ್ಕೆ ಓಡುತ್ತಿರುತ್ತದೆ. ಉಜ್ಜಿದಾಗ ಹಿಡಿತ ಬಿಗಿಯಾಗಿ ಸಿಗುತ್ತದೆ, ವೇಗ ಕಡಿಮೆಯಾಗುತ್ತದೆ, ಡಿಸ್ಕ್ ಟ್ರೇಗೆ ಬೀಳುತ್ತದೆ. ಎಡಗಡೆ ಹೊಕ್ಕರೆ ಉಲ್ಟಾ. ಉಜ್ಜುವ ಅಂಚು ಹಿಂದಕ್ಕೆ ತಿರುಗುತ್ತಿರುತ್ತದೆ, ತಡೆ ಕಡಿಮೆ, ಚೈನ್‌ಗಳ ನಡುವೆ ಜಾರಿಕೊಂಡು ಆಚೆ ಹೊರಟುಬಿಡುತ್ತದೆ. ಅದಕ್ಕೇ ಬಲಗೈ ಆಟಗಾರರು ಬಾಸ್ಕೆಟ್‌ನ ಎಡಭಾಗವನ್ನು ದುರ್ಬಲ ಬದಿ ಅನ್ನುತ್ತಾರೆ. ಮುಂದಿನ ವಾರ ಗುರಿಯನ್ನು ಕಂಬದಿಂದ ಒಂದೆರಡು ಚೈನ್ ಬಲಕ್ಕೆ ಇಟ್ಟುಕೊಂಡು ನೋಡಿ. ಕಂಬಕ್ಕೇ ನೇರ ಬಡಿದು ಪುಟಿಯುವುದೂ ಕಡಿಮೆಯಾಗುತ್ತದೆ. ನೀವು ಎಡಗೈಯವರಾಗಿದ್ದರೆ ಇದನ್ನೆಲ್ಲ ತಿರುಗಿಸಿ ಓದಿಕೊಳ್ಳಿ.

ಚೈನ್ ಎಷ್ಟು ಕೆಲಸ ಮಾಡುತ್ತದೆ ಅನ್ನುವುದಕ್ಕೆ 2021ರ ವಿಶ್ವ ಚಾಂಪಿಯನ್‌ಷಿಪ್‌ನ ಕೊನೆಯ ಹೋಲ್ ನೋಡಬೇಕು. ಯೂಟಾ ರಾಜ್ಯದ ಆಗ್ಡೆನ್‌ನಲ್ಲಿ ನಡೆದದ್ದು. ಜೇಮ್ಸ್ ಕಾನ್ರಾಡ್ ಒಂದು ಎಸೆತ ಹಿಂದಿದ್ದರು. ಸುಮಾರು 75 ಮೀಟರ್ ದೂರದಿಂದ ಎಸೆದದ್ದು ಸೀದಾ ಚೈನ್‌ಗೆ ಹೊಕ್ಕು ಬಾಸ್ಕೆಟ್ಟಿನಲ್ಲೇ ಉಳಿಯಿತು. ಪಾಲ್ ಮೆಕ್‌ಬೆತ್ ಜೊತೆ ಸಮ ಆಯಿತು, ಸಮ ಮುರಿಯಲು ಆಡಿಸುವ ಪ್ಲೇಆಫ್‌ನಲ್ಲಿ ಕಾನ್ರಾಡ್ ಗೆದ್ದರು. ಅದೇ ಡಿಸ್ಕ್ ಚೈನ್‌ಗೆ ಬಡಿದು ಆಚೆ ಬಿದ್ದಿದ್ದರೆ? ಎಸೆತ ಅಷ್ಟೇ ಅದ್ಭುತ, ಆದರೆ ಪಟ್ಟ ಬೇರೆಯವರ ಪಾಲಾಗುತ್ತಿತ್ತು.

ನೀವು ಕೇಳದ ಒಂದು ವಿಷಯ ಇಲ್ಲೇ ಹೇಳುತ್ತೇನೆ, ಯಾಕೆಂದರೆ ಒಂದಲ್ಲ ಒಂದು ಭಾನುವಾರ ಇದೂ ಬಂದೇ ಬರುತ್ತದೆ. ಡಿಸ್ಕ್ ಚೈನಿನಲ್ಲಿ ಸಿಕ್ಕಿಕೊಂಡು ನೇತಾಡುತ್ತಿದೆ. ನೀವು ಹತ್ತಿರ ಹೋಗುವಷ್ಟರಲ್ಲಿ ಗಾಳಿ ಬೀಸಿ ಕೆಳಗೆ ಬಿತ್ತು. ಈಗ? ಎಸೆತದಿಂದ ಬಂದ ವೇಗದಿಂದ ಚಲಿಸುವುದು ನಿಂತರೆ ಡಿಸ್ಕ್ ನಿಂತಂತೆ ಅಂತ ನಿಯಮ ಹೇಳುತ್ತದೆ. ಒಮ್ಮೆ ಹಾಗೆ ನಿಂತಮೇಲೆ ಗಾಳಿ ಬೀಳಿಸಿದರೂ, ಇನ್ನೊಬ್ಬರ ಡಿಸ್ಕ್ ಬಂದು ಬೀಳಿಸಿದರೂ ನಿಮ್ಮ ಹೋಲ್ ಮುಗಿದಿದೆ. ಚೈನ್ ಇನ್ನೂ ತೂಗುತ್ತಿರುವಾಗಲೇ, ಬಡಿದ ರಭಸ ಇಳಿಯುವ ಮುಂಚೆಯೇ ಜಾರಿ ಬಿದ್ದರೆ ಮುಗಿದಿಲ್ಲ. ನಡುವೆ ಅನುಮಾನ ಬಂದರೆ ಗುಂಪಿನಲ್ಲಿ ಹೆಚ್ಚಿನವರು ಏನನ್ನುತ್ತಾರೋ ಅದು. ಬಹುಮತವೂ ಬರದಿದ್ದರೆ ಅನುಮಾನದ ಲಾಭ ಎಸೆದವರಿಗೆ. ನಾಲ್ಕು ಜನರ ಗುಂಪಿನಲ್ಲಿ ಇಬ್ಬರು ಹೀಗೆ, ಇಬ್ಬರು ಹಾಗೆ ಆಗುವುದು ಜಾಸ್ತಿ, ಆದ್ದರಿಂದ ಇದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ.

ಬಾಲ್ ಗಾಲ್ಫ್ ಆಡಿದವರಿಗೆ ಇದು ವಿಚಿತ್ರ ಅನ್ನಿಸಬಹುದು. ಅಲ್ಲಿ ಚೆಂಡು ಕುಳಿಯ ಅಂಚಿನಲ್ಲಿ ಬಾಗಿ ನಿಂತರೆ, ಹತ್ತಿರ ನಡೆದು ಹೋಗುವಷ್ಟು ಸಮಯ ಕೊಟ್ಟು, ಆಮೇಲೆ ಹತ್ತು ಸೆಕೆಂಡ್ ಕಾಯಲು ಬಿಡುತ್ತಾರೆ. ಅದು ಮೀರಿ ಬಿದ್ದರೆ ಒಂದು ದಂಡ. 2021ರ ಆರ್‌ಬಿಸಿ ಹೆರಿಟೇಜ್ ಟೂರ್ನಿಯಲ್ಲಿ ಕೊರಿಯಾದ ಕಿಮ್ ಸಿ-ವೂ ಸುಮಾರು ಒಂದು ನಿಮಿಷ ಕಾದರು. ಚೆಂಡು ಬಿದ್ದೂ ಬಿತ್ತು, ಬರ್ಡಿ ಮಾತ್ರ ಹೋಯಿತು. ನಮ್ಮಲ್ಲಿ ಸೆಕೆಂಡ್ ಎಣಿಸುವ ಕೆಲಸವಿಲ್ಲ. ನಿಂತಿತೋ ಇಲ್ಲವೋ, ಅಷ್ಟೇ.

"ಆಯ್ತು ಬಿಡೋ" ಕೂಡ ಬಾಲ್ ಗಾಲ್ಫ್‌ನಿಂದ ಬಂದ ಅಭ್ಯಾಸವೇ. ಅಲ್ಲಿ ಮ್ಯಾಚ್ ಪ್ಲೇನಲ್ಲಿ, ಅಂದರೆ ಒಟ್ಟು ಹೊಡೆತ ಎಣಿಸದೆ ಯಾರು ಎಷ್ಟು ಹೋಲ್ ಗೆದ್ದರು ಅಂತ ನೋಡುವ ಆಟದಲ್ಲಿ, ಎದುರಾಳಿಯ ಪುಟ್ಟ ಪಟ್ಟನ್ನು ಬಿಟ್ಟುಕೊಡಬಹುದು. ಅಮೆರಿಕ ಮತ್ತು ಬ್ರಿಟನ್ ತಂಡಗಳ ನಡುವಿನ 1969ರ ರೈಡರ್ ಕಪ್‌ನ ಕೊನೆಯಲ್ಲಿ ಜ್ಯಾಕ್ ನಿಕ್ಲಸ್ ಟೋನಿ ಜಾಕ್ಲಿನ್‌ಗೆ ಹಾಗೆ ಬಿಟ್ಟುಕೊಟ್ಟು ಇಡೀ ಪಂದ್ಯ 16-16 ಸಮ ಆದದ್ದನ್ನು ಜನ ಇವತ್ತಿಗೂ ಪ್ರೀತಿಯಿಂದ ನೆನೆಯುತ್ತಾರೆ. ಡಿಸ್ಕ್ ಗಾಲ್ಫ್‌ನ ಎಸೆತ ಎಣಿಸುವ ಆಟದಲ್ಲಿ ಅದಿಲ್ಲ. ಡಿಸ್ಕ್ ಕಂಬದ ಬುಡಕ್ಕೇ ಒರಗಿ ನಿಂತಿದ್ದರೂ ಎತ್ತಿ ಟ್ರೇಗೆ ಹಾಕಬೇಕು, ಕೈ ಬಿಡಬೇಕು, ಅದು ಅಲ್ಲಿ ನಿಲ್ಲಬೇಕು. ಎರಡು ಸೆಕೆಂಡಿನ ಕೆಲಸ.

ಹತ್ತಿರದ ಪಟ್‌ನಲ್ಲಿ ಇನ್ನೊಂದನ್ನು ಗಮನಿಸಿ. ಬಾಸ್ಕೆಟ್‌ನಿಂದ 10 ಮೀಟರ್ ಒಳಗೆ ನಿಂತು ಎಸೆದರೆ, ಕೈ ಬಿಟ್ಟಮೇಲೆ ಮೈ ತೂಕ ಪೂರ್ತಿ ಹಿಡಿತದಲ್ಲಿದೆ ಅಂತ ತೋರಿಸಿಯೇ ಮುಂದೆ ಹೆಜ್ಜೆ ಇಡಬೇಕು. ಎಸೆಯುತ್ತಲೇ ಮುಂದಕ್ಕೆ ತೂರಾಡಿದರೆ ಒಂದು ದಂಡ. ಡಿಸ್ಕ್ ಟ್ರೇಯಲ್ಲೇ ಇದ್ದರೂ ಅಷ್ಟೇ. ಭಾನುವಾರದ ಆಟದಲ್ಲಿ ಸುಮ್ನೆ ಇದಕ್ಕೆಲ್ಲ ದಂಡ ಹಾಕಬೇಡಿ, ಆದರೆ ಅಭ್ಯಾಸ ಮಾಡಿಕೊಳ್ಳಿ.

ನಿಮ್ಮ ಗುಂಪಿಗೆ ನಾನು ಗಟ್ಟಿಯಾಗಿ ಹೇಳುವುದು ಒಂದು: ಅನುಮಾನ ಇರುವ ಡಿಸ್ಕನ್ನು ಯಾರೂ ಮುಟ್ಟಬೇಡಿ, ಎಸೆದವರಂತೂ ಮುಟ್ಟಲೇಬೇಡಿ. ಎಲ್ಲರೂ ಹತ್ತಿರ ಬಂದು ನೋಡಲಿ. ಯಾವುದರ ಮೇಲೆ ಕೂತಿದೆ, ಯಾವುದು ತೆಗೆದರೆ ಬೀಳುತ್ತದೆ, ನೋಡಿ ಹೇಳಿ. ಬೇಕಾದರೆ ಒಂದು ಫೋಟೋ ತೆಗೆದುಕೊಳ್ಳಿ. ಆಮೇಲೂ ನಿಯಮ ಏನನ್ನುತ್ತದೆ ಅಂತ ಒಮ್ಮತ ಬರದೆ, ಪುಸ್ತಕವೂ ಕೈಗೆ ಸಿಗದೆ ಹೋದರೆ ಎರಡೂ ರೀತಿ ಆಡಿ. ಮುಗಿಯಿತು ಅನ್ನುವ ಲೆಕ್ಕಕ್ಕೆ ಒಂದು ಸ್ಕೋರ್, ಮುಗಿಯಲಿಲ್ಲ ಅನ್ನುವ ಲೆಕ್ಕಕ್ಕೆ ಇನ್ನೊಂದು. ಎರಡನ್ನೂ ಬರೆದಿಟ್ಟು ಕೊನೆಯಲ್ಲಿ ಪುಸ್ತಕ ನೋಡಿ ಒಂದನ್ನು ಹೊಡೆದುಹಾಕಿ. ಟೂರ್ನಮೆಂಟ್‌ಗಳಲ್ಲೂ ಹೀಗೆ ಮಾಡುವುದಕ್ಕೆ ಅವಕಾಶ ಇದೆ, ಅಲ್ಲಿ ಕೊನೆಯ ಮಾತು ಟೂರ್ನಮೆಂಟ್ ನಡೆಸುವವರದ್ದು.

ಈಗ ತೀರ್ಥಹಳ್ಳಿಗೆ ಬನ್ನಿ. ಈ ಪ್ರಶ್ನೆ ನನಗೆ ತುಂಬಾ ಖುಷಿ ಕೊಟ್ಟಿತು. ಮರ, ಕಂಬದಂಥ ಗುರಿಗೆ ಅದೇ 807ರಲ್ಲಿ ಬೇರೆ ಮಾತಿದೆ. ಅಲ್ಲಿ ಡಿಸ್ಕ್ ನಿಲ್ಲಬೇಕಾಗಿಲ್ಲ, ಗುರುತು ಮಾಡಿದ ಜಾಗಕ್ಕೆ ತಗುಲಿದರೆ ಹೋಲ್ ಮುಗಿಯಿತು. ಮುಖ್ಯವಾದದ್ದು "ಗುರುತು ಮಾಡಿದ" ಅನ್ನುವುದು. ಇಡೀ ಮರ ಗುರಿ ಅಂದರೆ ಕೊಂಬೆಗೆ ತಗುಲಿದ್ದು, ಬೇರಿಗೆ ತಗುಲಿದ್ದು, ಬಳ್ಳಿ ಅಲ್ಲಾಡಿದ್ದು, ಎಲ್ಲಕ್ಕೂ ಮಕ್ಕಳು ಜಗಳವಾಡುತ್ತಾರೆ.

ಹೀಗೆ ಮಾಡಿ. ದಪ್ಪ ಕಾಂಡದ ಮರ ಆರಿಸಿಕೊಳ್ಳಿ, ಹಲಸು ಅಥವಾ ತೆಂಗು. ಅಡಿಕೆ ಮರ ಬೇಡ, ಕಾಂಡ ಸಪೂರ, ಮಕ್ಕಳಿಗೆ ಸಿಗುವುದಿಲ್ಲ. ಕಾಂಡದ ಸುತ್ತ ಮಗುವಿನ ಮೊಣಕಾಲೆತ್ತರದಲ್ಲಿ ಒಂದು ಬಣ್ಣದ ಬಟ್ಟೆ ಕಟ್ಟಿ, ಭುಜದೆತ್ತರದಲ್ಲಿ ಇನ್ನೊಂದು. ಈ ಎರಡರ ನಡುವೆ ಕಾಂಡಕ್ಕೆ ತಗುಲಿದರೆ ಮುಗಿಯಿತು. ನೆಲಕ್ಕೆ ಬಿದ್ದು ಪುಟಿದು ತಗುಲಿದ್ದು ಸೇರುತ್ತದಾ ಇಲ್ಲವಾ ಅಂತ ಆಟಕ್ಕೆ ಮುಂಚೆಯೇ ಮಕ್ಕಳ ಹತ್ತಿರ ಮಾತಾಡಿಕೊಳ್ಳಿ. ನಾನಾದರೆ ಸೇರಿಸುತ್ತೇನೆ, ನಿಯಮ ಕೇಳುವುದು ತಗುಲಿತಾ ಅಂತ ಮಾತ್ರ. ಸವರಿಕೊಂಡು ಹೋಗುವುದೇ ಇಲ್ಲಿ ದೊಡ್ಡ ತಕರಾರು. ಅದಕ್ಕೆ ಪ್ರತಿ ಎಸೆತಕ್ಕೂ ಒಂದು ಮಗುವನ್ನು ಮರದ ಪಕ್ಕಕ್ಕೆ, ನಾಲ್ಕೈದು ಮಾರು ದೂರದಲ್ಲಿ, ನೋಡಿ ಹೇಳುವುದಕ್ಕೆ ನಿಲ್ಲಿಸಿ. ಕಾಂಡದ ಮೇಲೆ ತೆಳ್ಳಗೆ ಸುಣ್ಣ ಬಳಿದರೆ ಇನ್ನೂ ಒಳ್ಳೆಯದು, ತಗುಲಿದ ಡಿಸ್ಕಿನ ಅಂಚಿಗೆ ಬಿಳಿ ಮೆತ್ತಿಕೊಂಡಿರುತ್ತದೆ.

ಮಕ್ಕಳಿಗೆ 150 ಗ್ರಾಂಗಿಂತ ಹಗುರವಾದ ಡಿಸ್ಕ್ ತೆಗೆದುಕೊಂಡು ಹೋಗಿ, ಕಡು ಬಣ್ಣದ್ದು. ತೋಟದ ಬಸಿಗಾಲುವೆಯನ್ನು ಗಡಿಯಾಚೆ ಅಂತ ಮೊದಲೇ ಹೇಳಿ, ಅದಕ್ಕೆ ಬಿದ್ದರೆ ಒಂದು ದಂಡ. ಬಾವಿ ಇರುವ ಕಡೆ ಎಸೆಯುವ ಹೋಲ್ ಮಾಡಲೇಬೇಡಿ.